ಮಹಜರಿನಲ್ಲಿ ಇಲ್ಲದ ಕಲ್ಲು

ನಮ್ಮ ಭಾಗದ ಪೊಲೀಸ್ ಠಾಣೆಯ ಅಧಿಕಾರಿಗಳಿಗೆ,

ಮಾನ್ಯರೇ,

ಇವತ್ತು ಕಾರ್ತಿಕದ ಕಡೇ ಸೋಮವಾರ, ನನಗೆ ಉಪವಾಸ. ಬಾಗಿಲಿಗೆ ನೀರು ಹಾಕಿ, ಕೊಟ್ಟಿಗೆ ಬಳಿದು, ಹಾಲು ಡೈರಿಗೆ ಕೊಟ್ಟು, ಲಿಂಗಪೂಜೆ ಮುಗಿಸಿ, ನಮ್ಮನೆಯವರಿಗೆ ರೊಟ್ಟಿ ತಟ್ಟಿಟ್ಟು ಈಗ ಬರೆಯಲು ಕೂತಿದ್ದೇನೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಶಾಲೆಯ ಯದುಗಿರಿ ಟೀಚರ್ ಹೋದ ವರ್ಷ ಮಾರ್ಗಶಿರದಲ್ಲಿ ಸ್ಕೂಟರಿನಿಂದ ಬಿದ್ದು ತೀರಿಕೊಂಡರು. ‘ಸವಾರರ ಅತಿವೇಗ ಮತ್ತು ಅಜಾಗರೂಕತೆಯೇ ಕಾರಣ’ ಎಂದು ಬರೆದು ನೀವು ಕಡತ ಮುಚ್ಚಿದ್ದೀರಿ. ಅದು ಸುಳ್ಳು. ಅವರನ್ನು ಬೀಳಿಸಿದ್ದು ನಾನು ರಸ್ತೆಯಲ್ಲಿ ಬಿಟ್ಟುಹೋದ ಕಲ್ಲು.

ನಾನು ಓದಿದ್ದು ನಮ್ಮೂರಿನ ಏಳನೇ ಕ್ಲಾಸಿನವರೆಗೆ. ಇದನ್ನು ಯಾರೂ ತಿದ್ದಿಕೊಟ್ಟಿಲ್ಲ. ತಪ್ಪಿದ್ದರೆ ಅಕ್ಷರದಲ್ಲಿ ಇರುತ್ತದೆ, ಸಂಗತಿಯಲ್ಲಿ ಇರುವುದಿಲ್ಲ.

ಅತಿವೇಗ ಎಂದು ಬರೆದಿರಲ್ಲ ಸ್ವಾಮಿ, ಟೀಚರಮ್ಮನ ವೇಗ ಎಷ್ಟು ಎಂದು ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿದಿರಾ? ಅವರು ಜಾವಗಲ್ಲಿನಿಂದ ದಿನಾ ಬರುತ್ತಿದ್ದರು. ಹನ್ನೊಂದು ವರ್ಷ ಅದೇ ರಸ್ತೆ, ಅದೇ ನಿಧಾನ. ಹಾಲಿನ ಕ್ಯಾನು ಸಾಗಿಸುವ ಇಂದ್ರೇಶ ದಿನಾ ಅವರನ್ನು ಹಿಂದೆ ಹಾಕಿ ಹೋಗುತ್ತಾ, “ಟೀಚರಮ್ಮ, ಗಾಡಿ ಓಡಿಸ್ತಾ ಇದ್ದೀರೋ, ಮೇಯಿಸ್ತಾ ಇದ್ದೀರೋ?” ಎನ್ನುವನು. ಅವರು, “ಮೇಯಿಸ್ತಾ ಇದೀನಿ ಕಣೋ, ನೀನು ಮುಂದೆ ಹೋಗು, ಹಾಲು ಮೊಸರಾದೀತು” ಎನ್ನುವರು. ನಮ್ಮ ರಸ್ತೆಯಲ್ಲಿ ತಲೆಗೆ ಹೆಲ್ಮೆಟ್ ಹಾಕುತ್ತಿದ್ದವರು ಅವರೊಬ್ಬರೇ. ತಿರುವಿನಲ್ಲಿ ದನ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಕೊನೆಯ ಕರು ದಾಟುವವರೆಗೆ ಕಾಯುತ್ತಿದ್ದರು. ಎಲ್ಲ ನಿಯಮವನ್ನೂ ಪಾಲಿಸಿದ ಆ ಹೆಂಗಸು ನಿಮ್ಮ ಕಾಗದದಲ್ಲಿ ತಪ್ಪಿತಸ್ಥರಾದರು. ಯಾವ ನಿಯಮವನ್ನೂ ಪಾಲಿಸದ ನಮ್ಮ ಹೆಸರು ಆ ಕಾಗದದಲ್ಲಿ ಸಾಕ್ಷಿಗಳ ಜಾಗದಲ್ಲಿದೆ.

ಈಗ ಕಲ್ಲಿನ ವಿಷಯ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಪ್ರತಿಯೊಬ್ಬರೂ ತಮ್ಮ ಹೊಲದಲ್ಲೇ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಬಳಿದು ಒಣಗಿಸಬೇಕು. ನಡುವೆ ಸಗಣಿ ಬೆನಕನನ್ನು ಇಟ್ಟು ಗರಿಕೆ ಸಿಕ್ಕಿಸಬೇಕು. ಕಣದ ಒಳಗೆ ಚಪ್ಪಲಿ ಹಾಕಿ ಕಾಲಿಟ್ಟರೆ ನಮ್ಮತ್ತೆ ಬಯ್ಯುತ್ತಿದ್ದರು. ಆಮೇಲೆ ಹೊಲವೆಲ್ಲ ತೆಂಗಿನ ತೋಟವಾಯಿತು. ಕಣ ಬಳಿಯುವ ಸೊಂಟಗಳಿಗೂ ವಯಸ್ಸಾಯಿತು. ಅಷ್ಟು ಹೊತ್ತಿಗೆ ಸರ್ಕಾರ ಮನೆ ಮುಂದೆ ಟಾರು ಹಾಕಿತು. ಹುರುಳಿ ಗಿಡ ಕಿತ್ತು ತಂದು ಟಾರಿನ ಮೇಲೆ ಹರವಿದರೆ ಬಸ್ಸು, ಲಾರಿಗಳೇ ತುಳಿದು ಒಕ್ಕಿಕೊಡುತ್ತವೆ. ನಾವು ನೆರಳಿನಲ್ಲಿ ಕೂತಿದ್ದರೆ ಸಾಕು. ಉದುರಿದ ಕಾಳನ್ನು ಗುಡಿಸಿ ಒಂದು ಬದಿಗೆ ರಾಶಿ ಮಾಡುತ್ತೇವೆ. ರಾಶಿಯ ಮೇಲೆ ಚಕ್ರ ಹತ್ತದಿರಲಿ ಎಂದು ಸುತ್ತ ಕಲ್ಲಿಡುತ್ತೇವೆ. ಸಂಜೆ ಕಾಳು ಮನೆಗೆ ಹೋಗುತ್ತದೆ. ನಾಳೆ ಹೇಗೂ ಬೇಕಲ್ಲ ಎಂದು ಕಲ್ಲುಗಳನ್ನು ಅಲ್ಲೇ ಬಿಡುತ್ತೇವೆ. ಬಾಣಾವರದ ಕಡೆಗೆ ಹೋಗಿ ನೋಡಿ, ಹಗರೆಯ ಕಡೆಗೆ ಹೋಗಿ ನೋಡಿ, ಕಾಳು ಎತ್ತಿದ ಮೇಲೂ ಕಲ್ಲುಗಳು ಸಾಲಾಗಿ ಕೂತಿರುತ್ತವೆ.

‘ರಸ್ತೆಯಲ್ಲಿ ಒಕ್ಕಣೆ ನಿಷೇಧಿಸಲಾಗಿದೆ’ ಎಂಬ ಹಲಗೆ ನಮ್ಮ ಮನೆಯ ಎದುರಿಗೇ ಇದೆ. ಅದನ್ನು ನೆಟ್ಟದ್ದು ನಮಗೆ ಬಹಳ ಉಪಕಾರವಾಯಿತು. ಟಾರ್ಪಾಲಿನ ಹಗ್ಗ ಕಟ್ಟಲು ಅಷ್ಟು ಗಟ್ಟಿಯಾದ ಕಂಬ ಹತ್ತಿರದಲ್ಲಿ ಬೇರೆ ಇರಲಿಲ್ಲ. ನಿಮ್ಮ ಜೀಪು ಎಷ್ಟೋ ಸಲ ನಮ್ಮ ಹುರುಳಿಯ ಮೇಲೇ ಹಾದುಹೋಯಿತು. ನೀವೂ ನಮಗೆ ಒಕ್ಕಿಕೊಟ್ಟಿರಿ. ಒಂದು ದಿನವಾದರೂ ಇಳಿದು ಏನಿದು ಎಂದು ಕೇಳಿದಿರಾ?

ಕೇಳಿದ್ದು ಟೀಚರಮ್ಮ ಒಬ್ಬರೇ. ಮೂರು ವರ್ಷದ ಹಿಂದೆ ಗಾಡಿ ನಿಲ್ಲಿಸಿ, “ಮಹದೇವಮ್ಮ, ಹುರುಳಿ ಹಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ. ಸಂಜೆ ಆ ಕಲ್ಲುಗಳನ್ನ ಮಾತ್ರ ಎತ್ತಿಬಿಡ್ರಿ. ಬೆಳಗ್ಗೆ ಮಂಜಲ್ಲಿ ಕಾಣಲ್ಲ” ಎಂದರು. “ಎತ್ತುತೀನಿ ಕಣಮ್ಮ” ಎಂದೆ. ಅವತ್ತಿನಿಂದ ಎರಡು ಸುಗ್ಗಿ ಎತ್ತಿದೆ ಕೂಡಾ.

ಹೋದ ವರ್ಷ ಒಂದು ಸಂಜೆ ಎತ್ತಲಿಲ್ಲ. ಅವತ್ತೂ ಸೋಮವಾರ, ಅವತ್ತೂ ಉಪವಾಸ. ನಮ್ಮನೆಯವರು ಮೂಟೆಗಳನ್ನು ಹೊತ್ತುಕೊಂಡು ಒಳಗೆ ಹೋಗಿದ್ದರು. ಸಣ್ಣ ಕಲ್ಲುಗಳನ್ನು ಬದಿಗೆ ಹಾಕಿದೆ. ಒಂದು ದೊಡ್ಡದು ಉಳಿಯಿತು. ಅದು ನಮ್ಮತ್ತೆಯ ಕಾಲದ ರಾಗಿ ಬೀಸುವ ಕಲ್ಲು, ಅರ್ಧ ಒಡೆದದ್ದು. ಉರುಳಿಸಿದ್ದರೆ ಉರುಳುತ್ತಿತ್ತು. ಆದರೆ ಹೊತ್ತು ಮುಳುಗುತ್ತಿತ್ತು, ದೇವರಿಗೆ ದೀಪ ಹಚ್ಚುವುದು ತಡವಾಗುತ್ತದೆ ಎಂದು ಸೆರಗು ಕೊಡವಿಕೊಂಡು ಮನೆಗೆ ಓಡಿದೆ. ದೀಪ ಹಚ್ಚಿದೆ. ಎಲ್ಲರಿಗೂ ಒಳ್ಳೆಯದು ಮಾಡಪ್ಪ ಎಂದು ಕೈ ಮುಗಿದೆ. ಶಿವ ನನ್ನನ್ನು ಆ ದೀಪದ ಲೆಕ್ಕ ಕೇಳುವುದಿಲ್ಲ, ಕಲ್ಲಿನ ಲೆಕ್ಕ ಕೇಳುತ್ತಾನೆ ಎಂದು ನನಗೆ ಗೊತ್ತು.

ಮಾರನೆಯ ದಿನ ಬೆಳಿಗ್ಗೆ ಎಂಟೂವರೆಯಾದರೂ ತೆಂಗಿನ ಮರದ ಸುಳಿ ಕಾಣದಷ್ಟು ಮಂಜು. ನಾನು ಪೊರಕೆ ಹಿಡಿದು ರಸ್ತೆಗೆ ಬರುವಾಗ ಶಬ್ದ ಕೇಳಿಸಿತು. ಓಡಿದೆ. ಗಾಡಿ ಮಗುಚಿಕೊಂಡಿತ್ತು. ಅವರು ಮೋರಿಯ ಕಟ್ಟೆಗೆ ಎದೆ ಬಡಿದುಕೊಂಡು ಬಿದ್ದಿದ್ದರು. ಹೆಲ್ಮೆಟ್ಟಿನ ಪಟ್ಟಿ ಬಿಗಿದಂತೆಯೇ ಇತ್ತು. ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವರಿಗೆ ಎಚ್ಚರವಿತ್ತು. ಕಲ್ಲನ್ನು ನೋಡಿದರು, ನನ್ನ ಮುಖ ನೋಡಿದರು. “ಮಹದೇವಮ್ಮ, ಶಾಲೆ ಬೀಗದ ಕೈ ಬ್ಯಾಗಲ್ಲಿದೆ, ಮಕ್ಕಳು ಚಳೀಲಿ ನಿಂತಿರ್ತಾರೆ” ಎಂದರು ಅಷ್ಟೇ. ಹಾಸನದ ಆಸ್ಪತ್ರೆಯಲ್ಲಿ ಮತ್ತೆ ಎಚ್ಚರವಾಗದೆ ಮೂರನೆಯ ದಿನ ಹೋದರು.

ಆಂಬುಲೆನ್ಸ್ ತಿರುಗಿಕೊಳ್ಳುವ ಮೊದಲೇ ನಮ್ಮನೆಯವರು ಆ ಕಲ್ಲನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದರು. ಮಧ್ಯಾಹ್ನ ನೀವು ಬಂದಿರಿ. ಟೇಪು ಹಿಡಿದು ರಸ್ತೆಯ ಅಗಲ ಅಳೆದಿರಿ, ಮೋರಿ ಅಳೆದಿರಿ. ಟಾರಿನ ಮೇಲೆ ಕಲ್ಲು ಜರುಗಿದ ಬಿಳೀ ಗೀರು ಮೊಳದುದ್ದ ಇತ್ತು. ಯುಗಾದಿಯವರೆಗೂ ಅದು ಅಳಿಸಿರಲಿಲ್ಲ, ನಾನು ದಿನಾ ನೋಡಿದ್ದೇನೆ. ನಿಮ್ಮ ಟೇಪಿಗೆ ಮಾತ್ರ ಅದು ಸಿಗಲಿಲ್ಲ. ಮಹಜರು ಬರೆದದ್ದು ನಮ್ಮ ಹಜಾರದಲ್ಲಿ. ನಮ್ಮ ಭಾವ ದೇವೀರಪ್ಪನವರು, “ಏನೂ ಇರ್ಲಿಲ್ಲ ಸ್ವಾಮಿ, ರಸ್ತೆ ಚೊಕ್ಕವಾಗೇ ಇತ್ತು. ಆಯಮ್ಮನೇ ವಸಿ ಜೋರಾಗಿ ಬಂದ್ರು ಅಂತ ಕಾಣ್ತೈತೆ” ಎಂದರು. ಮೊದಲ ಸಹಿ ಅವರದು, ಎರಡನೆಯದು ನಮ್ಮನೆಯವರದು. ನಿಮಗೆ ಎಳನೀರು ತಂದುಕೊಟ್ಟವಳು ನಾನು. ‘ಅಮ್ಮ, ನೀವು ನೋಡಿದಿರಾ?’ ಎಂದು ನೀವು ಒಂದು ಮಾತು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಿಮ್ಮ ತಪ್ಪಿಗಿಂತ ನನ್ನದು ದೊಡ್ಡದು ಎಂದು ಒಪ್ಪಿಯೇ ನಿಮ್ಮ ಮೇಲೆ ದೂರು ಹೇಳುತ್ತಿದ್ದೇನೆ.

ಆಮೇಲೆ ಭಾವನವರಿಗೆ ಹೇಳಿದೆ, ಇದು ಸರಿಯಲ್ಲ ಎಂದು. “ನೋಡು ಮಾದೇವಮ್ಮ, ಹೋದ ಜೀವ ಬರಾಕಿಲ್ಲ. ಇವತ್ತು ನಿನ್ ಕಲ್ಲು, ನಾಳೆ ಇನ್ನೊಬ್ರದು. ಊರಂದ್ಮೇಲೆ ಒಬ್ರಿಗೊಬ್ರು ಹೊಂದ್ಕೊಂಡು ಹೋಗ್ಬೇಕು” ಎಂದರು. ಹೊಂದಿಕೊಂಡು ಹೋಗುವುದು ಎಂದರೆ ಯಾರ ಜೊತೆ ಸ್ವಾಮಿ? ಹನ್ನೊಂದು ವರ್ಷ ನಮ್ಮ ಹುರುಳಿ, ನಮ್ಮ ದನ, ನಮ್ಮ ಕಲ್ಲುಗಳ ನಡುವೆ ಸುತ್ತಿ ಬಳಸಿ ಗಾಡಿ ನಡೆಸಿ ಹೊಂದಿಕೊಂಡು ಹೋದವರು ಅವರು. ನಾವು ಹೊಂದಿಕೊಂಡದ್ದು ನಮ್ಮ ನಮ್ಮೊಳಗೆ, ಅದೂ ಅವರು ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವರ ಮೇಲೆ ತಪ್ಪು ಹೊರಿಸುವುದಕ್ಕೆ. ಇದಕ್ಕೆ ಒಗ್ಗಟ್ಟು ಎಂದು ಹೆಸರು ಬೇರೆ.

ಹತ್ತು ತಿಂಗಳು ಹೀಗೇ ಕಳೆದೆ. ದಸರೆಯ ಹಿಂದಿನ ವಾರ ಜಾವಗಲ್ ಸಂತೆಯಿಂದ ಬರುವ ಬಸ್ಸಿನಲ್ಲಿ ಟೀಚರಮ್ಮನ ಮಗಳು ಮೇಧಿನಿ ನನ್ನ ಪಕ್ಕ ಬಂದು ಕೂತಳು. ಎಂಟನೇ ಕ್ಲಾಸು. ತಾಯಿಯದೇ ಮೂಗು. ನನ್ನ ಗುರುತು ಅವಳಿಗಿತ್ತು.

“ಆಂಟಿ, ಅವತ್ತು ಮೊದಲು ಬಂದಿದ್ದು ನೀವೇ ಅಲ್ವಾ?”

“ಹೂಂ ಕಣಮ್ಮ.”

“ಅಮ್ಮ ಜೋರಾಗಿ ಓಡಿಸ್ತಿದ್ರಾ? ಪೊಲೀಸ್ ಪೇಪರಲ್ಲಿ ಹಂಗೇ ಬರೆದಿದೆ. ಅಪ್ಪ ಅದನ್ನ ನಂಬಲ್ಲ. ನಂಗೇನೋ... ಅವತ್ತು ನಾನು ಡಬ್ಬಿ ಮರೆತು ಅವರನ್ನ ಲೇಟ್ ಮಾಡಿದ್ದೆ, ಆಂಟಿ. ಅದಕ್ಕೇ ಜೋರಾಗಿ ಹೋಗಿರಬೇಕು.”

ಒಂದು ವರ್ಷವಾಗುತ್ತಾ ಬಂತು, ಮರೆತ ಒಂದು ಊಟದ ಡಬ್ಬಿಯನ್ನು ಆ ಮಗು ಎದೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದೆ. ನಿಮ್ಮ ಕಾಗದದಲ್ಲಿ ನನ್ನ ಕಲ್ಲಿಗೆ ಜಾಗವಿಲ್ಲದ್ದಕ್ಕೆ ತಪ್ಪು ಅವಳ ಡಬ್ಬಿಗೆ ಹೋಗಿ ಕೂತಿದೆ. ನಾನು ಆಗಲೂ, “ಇಲ್ಲ ಕಣಮ್ಮ, ಹಂಗೇನಿಲ್ಲ” ಎಂದಷ್ಟೇ ಹೇಳಿದೆ. ನನ್ನ ಸ್ಟಾಪು ಬಂತು, ಇಳಿದುಬಿಟ್ಟೆ. ಇಳಿದ ಮೇಲೆ ರಸ್ತೆಯ ಬದಿಯಲ್ಲೇ ಕೂತು ಅತ್ತೆ.

ಅವಳ ತಂದೆ ಭಾಷ್ಯಂ ಅವರು ಹಳೇಬೀಡಿನ ಹತ್ತಿರದ ಒಂದು ಗುಡಿಯಲ್ಲಿ ಅರ್ಚಕರು. ಮರುವಿಚಾರಣೆ ಮಾಡಿ ಎಂದು ಅವರು ಅರ್ಜಿ ಕೊಟ್ಟರು. ಆ ಬಳಿಕ ರಸ್ತೆಯ ಬದಿಯ ಮನೆಗಳಿಗೆಲ್ಲ ನಿಮ್ಮ ಕಡೆಯಿಂದ ನೋಟೀಸು ಬಂತು. ಅಪಘಾತದ ಸಂಗತಿ ಬಲ್ಲವರು ಹದಿನೈದು ದಿನದೊಳಗೆ ಉತ್ತರ ಬರೆದುಕೊಡಬೇಕು ಎಂದು ಅದರಲ್ಲಿತ್ತು. ಎಲ್ಲರೂ ಅದನ್ನು ಮಡಿಸಿ ತೊಲೆಗೆ ಸಿಕ್ಕಿಸಿದರು. ನಾನು ಉತ್ತರ ಬರೆದೆ. ನಾಲ್ಕು ಪುಟ. ಒಂಬತ್ತನೆಯ ದಿನ ಬಸ್ಸು ಹತ್ತಿ ಠಾಣೆಗೆ ತಂದೆ. ಮೇಜಿನ ಹಿಂದೆ ಇದ್ದವರು ಮೊದಲ ಪುಟ ಓದಿ ನಕ್ಕರು. “ಏನಮ್ಮ, ನಿಮ್ಮ ಮೇಲೆ ನೀವೇ ಕೇಸ್ ಹಾಕಿಸ್ಕೊಳ್ಳೋಕೆ ಬಂದಿದ್ದೀರಾ? ನಿಮ್ಮ ಯಜಮಾನ್ರೇ ಸಹಿ ಹಾಕಿರೋ ಮಹಜರು ಐತೆ. ಸುಮ್ನೆ ಅವ್ರನ್ನೂ ಸಿಕ್ಕಿಸ್ತೀರ. ಮನೆಗೆ ಹೋಗಿ” ಎಂದು ಕಾಗದ ವಾಪಸು ಕೊಟ್ಟರು. ಇನ್ನೊಂದು ದಿನ ಹೋದೆ, ಸಾಹೇಬರಿಲ್ಲ ಎಂದರು. ಉತ್ತರ ಬೇಕೆಂದು ಕೇಳುವವರೂ ನೀವೇ, ಬೇಡವೆಂದು ಕಳಿಸುವವರೂ ನೀವೇ. ತಪ್ಪು ಮಾಡಿಲ್ಲ ಎನ್ನುವವರನ್ನು ಹಿಡಿದು ತರಲು ನಿಮ್ಮಲ್ಲಿ ಜೀಪಿದೆ. ಮಾಡಿದ್ದೇನೆ ಎಂದು ತಾನಾಗಿ ಬಂದವಳನ್ನು ಕೂರಿಸಲು ಒಂದು ಕುರ್ಚಿ ಇರಲಿಲ್ಲವೇ? ಅದಕ್ಕೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು.

ನಮ್ಮನೆಯವರಿಗೆ ಗೊತ್ತಾಗದಂತೆ ಬರೆಯುತ್ತಿಲ್ಲ. ನಿನ್ನೆ ಹೇಳಿದೆ. “ನೀನು ಬರೆದ್ರೆ ನಾನು ಸುಳ್ಳ ಆಗ್ತೀನಿ ಕಣೇ” ಎಂದರು. “ಬರೀದಿದ್ರೆ ಆಗಿಲ್ವೇನ್ರೀ?” ಎಂದೆ. ಬೆಳಿಗ್ಗೆ ರೊಟ್ಟಿ ಮುಟ್ಟದೆ ತೋಟಕ್ಕೆ ಹೋಗಿದ್ದಾರೆ. ಅವರು ಕೆಟ್ಟವರಲ್ಲ. ಹೆದರಿದ್ದಾರೆ. ಅವತ್ತು ಕಲ್ಲು ಉರುಳಿಸಿದ್ದೂ ನನಗೋಸ್ಕರ.

ನಾನು ಕೇಳುವುದು ಹೆಚ್ಚೇನಿಲ್ಲ. ಆ ಸಾಲನ್ನು ಹೊಡೆದು ಹಾಕಿ. ‘ರಸ್ತೆಯಲ್ಲಿ ಬಿಟ್ಟ ಕಲ್ಲಿಗೆ ಗಾಡಿ ತಾಗಿ ಬಿದ್ದರು, ಸವಾರರ ತಪ್ಪೇನೂ ಇಲ್ಲ’ ಎಂದು ಬರೆಯಿರಿ. ಕಲ್ಲು ಯಾರದು ಎಂಬಲ್ಲಿ ನನ್ನ ಹೆಸರು ಬರೆಯಿರಿ. ಅದರ ಒಂದು ಪ್ರತಿಯನ್ನು ಭಾಷ್ಯಂ ಅವರ ಕೈಗೆ ಕೊಟ್ಟು, ಮೇಧಿನಿಯ ಎದುರಿಗೆ ಗಟ್ಟಿಯಾಗಿ ಓದಿಸಿ. ನನಗೆ ಕಾನೂನು ಏನು ಕೊಡುತ್ತದೋ ಕೊಡಲಿ, ಕಡಿಮೆ ಮಾಡಿ ಎಂದು ಕೇಳುವುದಿಲ್ಲ. ಇನ್ನೊಂದು ಮಾತು. ಹೊಲದಲ್ಲಿ ಹುರುಳಿ ಈಗ ಕಾಯಿ ಕಟ್ಟಿದೆ. ಇನ್ನೊಂದು ತಿಂಗಳಿಗೆ ರಸ್ತೆಗೆ ಬರುತ್ತದೆ, ಕಲ್ಲುಗಳೂ ಬರುತ್ತವೆ. ಇನ್ನೊಂದು ಹಲಗೆ ನೆಡಬೇಡಿ. ಈಗಲೇ ಊರೂರಿಗೆ ಬಂದು, ಮನೆಮನೆಯ ಬಾಗಿಲಲ್ಲಿ ನಿಂತು ಹೇಳಿ. ನಾನೂ ನಿಮ್ಮ ಜೊತೆ ಬಂದು ಹೇಳುತ್ತೇನೆ. ನಿಮ್ಮ ಮಾತು ನಂಬದಿದ್ದರೂ ನನ್ನ ಮಾತನ್ನು ನಂಬುತ್ತಾರೆ.

ನನ್ನ ಉತ್ತರದ ನಾಲ್ಕು ಪುಟ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಕೆಳಗಿದೆ. ದಯವಿಟ್ಟು ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಕಲ್ಲು ಹಿತ್ತಲಿನ ತೊಟ್ಟಿಯ ಪಕ್ಕದಲ್ಲಿದೆ, ಅದನ್ನೂ ತೆಗೆದುಕೊಂಡು ಹೋಗಲಿ. ಭಾರ ಇದೆ. ಎತ್ತಲು ಇನ್ನೊಂದು ಕೈ ಬೇಕಾದರೆ ಈ ಸಲ ನಾನಿರುತ್ತೇನೆ.

ಇಂತಿ,
ಆ ಸಂಜೆ ಎತ್ತದೆ ಹೋದ
ಮಹದೇವಮ್ಮ,
ಗಂಗಾಧರಯ್ಯನವರ ಮನೆ, ನಿಷೇಧದ ಹಲಗೆಯ ಎದುರು,
ಜಾವಗಲ್ ರಸ್ತೆ