ಪಾಟಿ ಸವಾಲಾದ ಮೇಲೆ

ಗಣಿಕೋರ್ಟು, ಕೋಲಾರ ಸೀಮೆ
ಫೆಬ್ರವರಿ ಮೂವತ್ತು, 2219

ಈ ವರ್ಷ ಕಾನೂನು ಪದವಿ ಮುಗಿಸಿ ಮೊದಲ ಕಪ್ಪು ಕೋಟು ಹೊಲಿಸಿಕೊಂಡಿರುವ ನಿಮಗೆ,

ಮೇಲಿನ ತಾರೀಖು ಕಂಡು ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ಸೇರಿಸಿ ಮಲಗಿಬಿಡುತ್ತೇವೆ. ನನ್ನ ಮಾತಿನಲ್ಲಿ ನಿಮ್ಮ ಕಾಲದವರು ಕೇಳಿರದ ಪದಗಳು ಬರುತ್ತವೆ, ಮನ್ನಿಸಿ. ಕೆಂಗಾಳಿ ಎಂದರೆ ಬಯಲಲ್ಲಿ ಸಿಕ್ಕವರನ್ನು ಬೇಯಿಸಿ ಕೊಲ್ಲುವ ಬೇಸಿಗೆಯ ಗಾಳಿ. ಅದು ಎದ್ದಾಗ ನಾವು ಓಡಿಹೋಗಿ ಇಳಿಯುವ ನೆಲಮಾಳಿಗೆಗೆ ತಂಪುಗುಂಡಿ ಎನ್ನುತ್ತೇವೆ. ಕೋರ್ಟು ಕೂಡ ಹಳೆಯ ಚಿನ್ನದ ಗಣಿಯ ಸುರಂಗದಲ್ಲಿದೆ. ಕಕ್ಷಿದಾರರು, ಪೊಲೀಸರು, ವಕೀಲರು ಎಲ್ಲರೂ ಒಂದೇ ಕಬ್ಬಿಣದ ಪಂಜರದಲ್ಲಿ ಮೈಗೆ ಮೈ ತಾಗಿಸಿಕೊಂಡು ಇಳಿಯುತ್ತೇವೆ. ಪೀಠದ ಹಿಂದಿನ ಬಂಡೆಯಿಂದ ಸದಾ ನೀರು ಜಿನುಗುತ್ತದೆ. ಕೇಸು ಕೂಗುವ ಮುಂಚೆ ಗುಮಾಸ್ತರು ಅದನ್ನು ಬಟ್ಟೆಯಲ್ಲಿ ಒರೆಸುತ್ತಾರೆ.

ನಾನು ವಕೀಲಿಕೆಗೆ ಸೇರಿದ್ದು ಎಸ್ತರಮ್ಮನವರ ಕೈಕೆಳಗೆ. ಮೊದಲ ದಿನ ಫೈಲು ಹೊರುವುದಷ್ಟೇ ನನ್ನ ಕೆಲಸ ಎಂದುಕೊಂಡು ಹೋಗಿದ್ದೆ. ಅಂದು ಪಿಳ್ಳಪ್ಪನ ವಿಚಾರಣೆ, ಅವನ ಪರ ವಕೀಲರು ಎಸ್ತರಮ್ಮ. ಆತ ನಮ್ಮೂರ ತಂಪುಗುಂಡಿಯ ಕಾವಲುಗಾರ. ಆ ಬೇಸಿಗೆ ಕೆಂಗಾಳಿ ಎದ್ದಾಗ, ಗುಂಡಿ ತುಂಬಿತೆಂದು ಬಾಗಿಲು ಹಾಕಿದ ಎಂಬುದು ಅವನ ಮೇಲಿನ ಆರೋಪ. ಹೊರಗುಳಿದವರೆಲ್ಲ ಬಾಗಿಲು ಬಡಿಯುತ್ತಲೇ ಸತ್ತರು. ಸತ್ತವರಲ್ಲಿ ಎಳೆಯ ಮಕ್ಕಳಿದ್ದರು. ಒಳಗಿದ್ದವರೇ ತನ್ನ ಕೈ ಹಿಡಿದು ಬಾಗಿಲು ಎಳೆಸಿದರೆಂದು ಪಿಳ್ಳಪ್ಪ ಹೇಳುತ್ತ ಬಂದಿದ್ದ. ಬದುಕಿ ಬಂದವರು ಒಬ್ಬರೂ ಅದನ್ನು ಒಪ್ಪಲಿಲ್ಲ.

ಗಣಿಯ ಬಾಯಿಯ ಹತ್ತಿರ ಜನ ಕಲ್ಲು ಹಿಡಿದು ನಿಂತಿದ್ದರು. ಎಸ್ತರಮ್ಮ ತಲೆ ತಗ್ಗಿಸದೆ ನಡೆದರು. ಪಂಜರದ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಯಾರೋ ಹಾರೆ ಬೀಸಿದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವರ ದವಡೆ ಒಂದು ಕಡೆಗೆ ಜಾರಿತ್ತು. ಬಾಯಿಂದ ರಕ್ತದ ಜೊತೆ ಹಲ್ಲು ಬಿತ್ತು. ಪೊಲೀಸರು ನಮ್ಮಿಬ್ಬರನ್ನೂ ಪಂಜರದೊಳಗೆ ತಳ್ಳಿ ಕೆಳಗಿಳಿಸಿದರು.

ನ್ಯಾಯಾಧೀಶರು ವಾಯಿದೆ ಕೊಡುತ್ತೇನೆಂದರು. ಎಸ್ತರಮ್ಮ ತಲೆಯಾಡಿಸಿ ಬೇಡವೆಂದರು. ವಿಚಾರಣೆ ನಿಂತರೆ ಪಿಳ್ಳಪ್ಪನನ್ನು ಮತ್ತೆ ಊರಿನ ಜೈಲಿಗೆ ಒಯ್ಯಬೇಕು, ಆ ದಾರಿಯಲ್ಲಿ ಅವನು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ರಕ್ತ ಮೆತ್ತಿದ ತಮ್ಮ ಗೌನನ್ನು ಬಿಚ್ಚಿ ನನ್ನ ಹೆಗಲಿಗೆ ಹಾಕಿ, ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದರು.

ಸಾಕ್ಷಿಕಟ್ಟೆಯಲ್ಲಿ ಕದಿರಪ್ಪ ನಿಂತಿದ್ದ. ಅವನ ಮಗಳು ಚಂಪಾ ಹೊರಗೆ ಸತ್ತವಳು. ತಾನು ಅಂದು ಊರಲ್ಲಿರಲಿಲ್ಲ, ಗಾಳಿ ನಿಂತ ಮೇಲೆ ಬಂದು ಹೆಣ ಎತ್ತಿದೆ ಎಂದು ಹೇಳಿಕೆ ಕೊಟ್ಟಿದ್ದ. ಸರ್ಕಾರಿ ವಕೀಲರು ಮಕ್ಕಳು ಪಟ್ಟ ಪಾಡನ್ನು ವಿವರಿಸಲು ಕೇಳಿದಾಗ, ಬಡಿಯುವ ಸದ್ದು ನಿಧಾನಕ್ಕೆ ಕಡಿಮೆಯಾಯಿತು, ಆಮೇಲೆ ಉಗುರು ಕೆರೆಯುವ ಸದ್ದು ಮಾತ್ರ ಉಳಿಯಿತು ಎಂದ. ಕೋರ್ಟಿನಲ್ಲಿ ಜನ ಅಳುತ್ತಿದ್ದರು. ಅದು ಬಾಗಿಲ ಒಳಬದಿಗೆ ಕಿವಿಯಿಟ್ಟವನಿಗೆ ಮಾತ್ರ ಗೊತ್ತಾಗುವ ಸಂಗತಿ ಎಂದು ನನಗೆ ಹೊಳೆದದ್ದು ಆಗ. ಕೇಳಬಾರದು ಎನ್ನಿಸಿತು. ಕಟಕಟೆಯಲ್ಲಿ ಪಿಳ್ಳಪ್ಪ ಕಣ್ಣು ಮುಚ್ಚಿ ನಿಂತಿದ್ದ. ಕೇಳಿದೆ.

"ಆ ಸದ್ದು ನಿಮಗೆ ಎಲ್ಲಿಂದ ಕೇಳಿಸ್ತು, ಕದಿರಪ್ಪನವರೇ?"

ಅವನು ಕಟಕಟೆಯಲ್ಲಿದ್ದ ಪಿಳ್ಳಪ್ಪನ ಕಡೆ ತಿರುಗಿದ.

"ಒಳಗಿಂದ," ಎಂದ. "ನಾನು ಒಳಗೇ ಇದ್ದೆ ಮೇಡಂ. ಮಗು ನನಗಿಂತ ಮುಂಚೆ ಓಡಿತ್ತು, ಒಳಗೈತೆ ಅಂದ್ಕೊಂಡಿದ್ದೆ. ಹಾಕು ಬಾಗ್ಲು ಅಂತ ಕೂಗ್ದೋನೂ ನಾನೇ. ಪಿಳ್ಳಪ್ಪ ಬೇಡ ಬೇಡ ಅಂತಿದ್ದ. ನಾವೊಂದಷ್ಟು ಜನ ಸೇರ್ಕೊಂಡು ಅವನ ಕೈ ಹಿಡಿದು ಎಳೆದ್ವಿ."

ಪಿಳ್ಳಪ್ಪನನ್ನು ಅಂದೇ ಬಿಡುಗಡೆ ಮಾಡಿ, ಪೊಲೀಸರ ಕಾವಲಿನಲ್ಲಿ ಇನ್ನೊಂದು ಸುರಂಗದಿಂದ ಬೇರೆ ಊರಿಗೆ ಸಾಗಿಸಿದರು. ಎಸ್ತರಮ್ಮನವರನ್ನು ಆಸ್ಪತ್ರೆಗೆ ಒಯ್ದರು. ಸಾಕ್ಷಿಗೆ ಕಾವಲು ಕೊಡುವ ಪದ್ಧತಿ ಇರಲಿಲ್ಲ. ನಾನೂ ಕದಿರಪ್ಪನೂ ಒಂದೇ ಪಂಜರದಲ್ಲಿ ಮೇಲೆ ಬಂದೆವು. ಇದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ಅವನು ನನ್ನನ್ನು ಕೇಳಿದ.

ಸುದ್ದಿ ನಮಗಿಂತ ಮೊದಲೇ ಮೇಲೆ ಮುಟ್ಟಿತ್ತು. ಮೊದಲು ಕೈ ಎತ್ತಿದವರು ಸತ್ತವರ ಕಡೆಯವರಲ್ಲ, ಅವನ ಜೊತೆ ಗುಂಡಿಯೊಳಗಿದ್ದವರು. ಇನ್ನು ಯಾರ ಯಾರ ಹೆಸರು ಹೇಳುತ್ತಾನೋ ಎಂಬ ಹೆದರಿಕೆ ಅವರಿಗೆ. ಉಳಿದವರು ಆಮೇಲೆ ನುಗ್ಗಿದರು. ನಾನು ಅವನ ಅಂಗಿಯನ್ನು ಬಿಗಿಯಾಗಿ ಹಿಡಿದೆ. ನನ್ನ ಬೆರಳುಗಳ ಮೇಲೆ ಕಲ್ಲು ಬಿತ್ತು, ಮತ್ತೊಮ್ಮೆ ಬಿತ್ತು, ಬೆರಳು ಬಿಟ್ಟುಕೊಂಡವು. ಅವನನ್ನು ಕಾಲು ಹಿಡಿದು ಎಳೆದರು. ಅವನು ಕೂಗಲಿಲ್ಲ, ತಲೆಗೆ ಕೈ ಅಡ್ಡ ಹಿಡಿಯಲೂ ಇಲ್ಲ. ಜನ ಚದುರಿದಾಗ ಮುಖ ಗುರುತು ಸಿಗುವಂತಿರಲಿಲ್ಲ. ಅವನ ಹೆಂಡತಿ ಬಂದು ಪಾದ ನೋಡಿ ಗುರುತು ಹಿಡಿದಳು.

ಆ ಕೊಲೆ ಕೇಸಿನಲ್ಲಿ ನಾನು ಸಾಕ್ಷಿಯಾದೆ. ಆರೋಪಿಗಳ ಪರ ನಿಂತವನು ಸಮೀವುಲ್ಲಾ ಎಂಬ ಹುಡುಗ, ನನ್ನಂತೆಯೇ ಆಗತಾನೆ ಕಾಲೇಜು ಬಿಟ್ಟವನು.

"ಅವತ್ತು ನೀವು ಆ ಪ್ರಶ್ನೆ ಕೇಳದೇ ಇದ್ದಿದ್ರೆ ಕದಿರಪ್ಪ ಬದುಕಿರ್ತಿದ್ರು, ಅಲ್ವಾ?"

"ಹೌದು," ಎಂದೆ. "ಪಿಳ್ಳಪ್ಪ ಸಾಯ್ತಿದ್ದ. ಇವತ್ತು ಕೇಳ್ಬೇಕಾಗಿ ಬಂದ್ರೂ ಕೇಳ್ತೀನಿ."

ಅವನು ಪಾಟಿ ಸವಾಲನ್ನು ಅಲ್ಲಿಗೇ ಮುಗಿಸಿದ. ಆರೋಪಿಗಳಿಗೆ ಶಿಕ್ಷೆಯಾಯಿತು. ಆದರೆ ನಾನು ಸಾಕ್ಷಿ ನುಡಿದ ಆ ಸಂಜೆ, ಆರೋಪಿಗಳ ಮನೆಯವರು ಮೇಲೆ ಗುಂಪುಗಟ್ಟಿದ್ದರು. ಪಂಜರದ ಬಾಗಿಲು ತೆರೆದಾಗ ಸಮೀವುಲ್ಲಾ ಅಲ್ಲಿ ಕಾಯುತ್ತಿದ್ದ. ತನ್ನ ಕಕ್ಷಿದಾರರ ಕಡೆಯವರ ಎದುರಲ್ಲೇ ನನ್ನ ಪಕ್ಕಕ್ಕೆ ಬಂದು ನಡೆದ. ಒಂದು ಕಲ್ಲು ಅವನ ಹುಬ್ಬು ಸೀಳಿತು. ಅವನು ಅದನ್ನು ಒರೆಸಿಕೊಳ್ಳುತ್ತ, ನಿಮ್ಮ ಮನೆ ಬಲಕ್ಕೋ ಎಡಕ್ಕೋ ಎಂದು ಮಾತ್ರ ಕೇಳಿದ.

ಅದಾದ ಮೇಲೆ ನಾವಿಬ್ಬರೂ ಹಾಗೆಯೇ ಮಾಡತೊಡಗಿದೆವು, ಬೇರೆಯವರೂ ಸೇರಿಕೊಂಡರು. ಈಗ ಇಲ್ಲಿ ಅದಕ್ಕೆ ಸಾಕ್ಷಿನಡಿಗೆ ಎನ್ನುತ್ತಾರೆ: ಪಾಟಿ ಸವಾಲು ಮಾಡಿದ ವಕೀಲರೇ ಸಾಕ್ಷಿಯನ್ನು ಮನೆ ಮುಟ್ಟಿಸಬೇಕು. ಈ ನಡಿಗೆಯಲ್ಲಿ ನಮ್ಮ ಇಬ್ಬರು ವಕೀಲರು ಸತ್ತಿದ್ದಾರೆ. ಸಾಕ್ಷಿಗಳು ಯಾರೂ ಸತ್ತಿಲ್ಲ.

ನಿಮ್ಮ ಕೋರ್ಟಿನ ಮುಂದೆ ಇಂದು ಕಲ್ಲು ಹಿಡಿದವರು ಇಲ್ಲದಿರಬಹುದು. ಆದರೂ ಒಂದು ಕೇಳಿಕೊಳ್ಳುತ್ತೇನೆ. ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿ, ಹಿಂಜರಿಯಬೇಡಿ. ಅದು ಮುಗಿದ ಮೇಲೆ ಗೆದ್ದ ಸಂತೋಷದಲ್ಲಿ ಕ್ಯಾಂಟೀನಿಗೆ ಹೋಗುವ ಮೊದಲು, ಕಟ್ಟೆಯಿಂದ ಇಳಿದ ಆ ಮನುಷ್ಯ ಯಾವ ಕಡೆ ಹೋಗುತ್ತಿದ್ದಾನೆ ಎಂದು ನೋಡಿ, ಅವನ ಜೊತೆ ನಡೆಯಿರಿ.

ಇಂತಿ,
ಮುನಿಲಕ್ಷ್ಮಿ, ವಕೀಲರು