ಆಮೆನ್ ಅನ್ನುವ ತನಕ

ಎಫ್ರೇಮ್, ಯೂಟಾ
ಸೋಮವಾರ, ೧೩ ಅಕ್ಟೋಬರ್ ೨೦೦೩

ಮಗಳೇ ಮಾರೆನ್,

ಅಮ್ಮನ ಹಾರೈಕೆ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ನೀನು ಕಳಿಸಿದ ವೀಡಿಯೋ ಕ್ಯಾಸೆಟ್ಟು, ಅದರ ಜೊತೆಗಿದ್ದ ಚೀಟಿ, ಎರಡೂ ಶುಕ್ರವಾರವೇ ಬಂದವು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ, ಹೇಳಮ್ಮ" ಅಂದ ತಕ್ಷಣ ಹೇಳಬೇಕಾದದ್ದು ಮರೆತುಹೋಗಿ, ಶಾಲೆಯ ಅಡುಗೆಮನೆಯ ಹೊಸ ಒಲೆ, ಪಕ್ಕದ ಮನೆ ಎರ್ಮಾಳ ಮಂಡಿನೋವು, ಇಂಥವೇ ನನ್ನ ಬಾಯಿಗೆ ಬರುತ್ತವೆ. ಅದಕ್ಕೇ ಈ ಕಾಗದ.

ಇವತ್ತು ಸೋಮವಾರ ಬೇರೆ. ಬೀದಿಯ ಎಲ್ಲ ಮನೆಗಳಲ್ಲೂ ಮಕ್ಕಳುಮರಿಗಳನ್ನು ಕೂಡಿಸಿಕೊಂಡು ಒಂದು ಹಾಡು, ಒಂದಿಷ್ಟು ಪಾಠ, ಒಂದು ಆಟ, ಕೊನೆಗೆ ಏನಾದರೂ ಸಿಹಿ. ನಮ್ಮ ಚರ್ಚಿನವರಿಗೆಲ್ಲ ಸೋಮವಾರ ಕುಟುಂಬದ ಸಂಜೆ, ಹಾಗಾಗಿ ಇವತ್ತು ಯಾರೂ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವುದಿಲ್ಲ, ಫೋನೂ ಮಾಡುವುದಿಲ್ಲ. ನಿನ್ನ ಅಣ್ಣಂದಿರು ಐಡಹೋದಲ್ಲಿ, ಅರಿಜೋನಾದಲ್ಲಿ ತಂತಮ್ಮ ಮಕ್ಕಳೊಡನೆ ಕೂತಿರುತ್ತಾರೆ. ಒಬ್ಬಳೇ ಇರುವವಳಿಗೆ ವಾರದಲ್ಲಿ ಇಷ್ಟು ಉದ್ದದ ಸಂಜೆ ಇನ್ನೊಂದಿಲ್ಲ. ನಾನೂ ಬಿಡಲಿಲ್ಲ, ಒಂದು ಹಾಡು ಶುರುಮಾಡಿದೆ. ಎರಡನೆಯ ಚರಣಕ್ಕೆ ಸಾಕಾಯಿತು. ಆಮೇಲೆ ನಿನ್ನ ಕ್ಯಾಸೆಟ್ಟನ್ನು ಮತ್ತೆ ಹಾಕಿ ನೋಡಿದೆ.

ಜೂನ್ ತಿಂಗಳಲ್ಲಿ ನೀನು ದಂಡು ಕಟ್ಟಿಕೊಂಡು ಬಂದು ಈ ಮನೆಯಲ್ಲಿ ಸಿನಿಮಾ ತೆಗೆದೆಯಲ್ಲ, ಅಷ್ಟು ದಿನವೂ ಮನೆ ಮನೆಯಾಗಿತ್ತು. ದೀಪಗಳ ವೈರು ತುಳಿಯದೆ ಬಚ್ಚಲಿಗೆ ಹೋಗುವಂತಿರಲಿಲ್ಲ. ನಾನು ಗೊಣಗಿದೆ, ನಿಜ. ಗೊಣಗುವುದಕ್ಕೆ ಜನ ಸಿಕ್ಕಿದರಲ್ಲ ಎಂಬ ಖುಷಿ ಅದು. ಕಥೆ ಏನೆಂದು ಎರ್ಮಾ ಕೇಳಿದಳು. ಧರ್ಮಪ್ರಚಾರದ ಮಿಷನ್ ಸೇವೆಗೆ ಹೋದ ಹುಡುಗ ಎರಡು ವರ್ಷ ತುಂಬುವ ಮೊದಲೇ ಬಿಟ್ಟು ಮನೆಗೆ ಬರುತ್ತಾನೆ, ಅವತ್ತಿನ ರಾತ್ರಿ ಊಟದ ಕಥೆ ಅಂದೆ. "ಅಯ್ಯೋ, ಮಾನ ಹೋಗೋ ಅಂಥದ್ದನ್ನೂ ಸಿನಿಮಾ ಮಾಡ್ತಾರೇನೇ? ನಮ್ಮೋರ ಸಿನಿಮಾ ಅಂದ್ರೆ ಒಂದಿಷ್ಟು ನಗು ಇರ್ಬೇಕು, ಕೊನೇಲಿ ಒಂದು ದೀಕ್ಷಾಸ್ನಾನ ಇರ್ಬೇಕು. ಬಂದೋರು ಕಣ್ಣೊರೆಸ್ಕೊಂಡು ಮನೆಗೆ ಹೋಗ್ಬೇಕು" ಅಂದಳು. ಆದರೂ ನೀನು ಅತ್ತೆಯ ಪಾತ್ರ ಕೊಡುತ್ತೇನೆಂದಾಗ ಬೇಡ ಅನ್ನಲಿಲ್ಲ. ಮರುದಿನವೇ ಕೂದಲು ಸುರುಳಿ ಮಾಡಿಸಿಕೊಂಡು ಬಂದಳು.

ತಾಯಿಯ ಪಾತ್ರದ ಹೆಂಗಸು ಮಗಳ ಹೆರಿಗೆಯೆಂದು ಓಡಿಹೋದಾಗ ನೀನು ನನ್ನನ್ನೇ ಹಿಡಿದು ಕೂಡಿಸಿದೆ. "ನಂಗೆಲ್ಲಿ ಬರುತ್ತೆ ಕಣೇ ಆ್ಯಕ್ಟಿಂಗು" ಅಂದರೆ "ಏನೂ ಮಾಡೋದಿಲ್ಲಮ್ಮ, ಟೇಬಲ್ ಹತ್ರ ಸುಮ್ನೆ ಕೂತಿರು" ಅಂದೆ. ಟೇಬಲ್ಲಿನ ಹತ್ತಿರ ಸುಮ್ಮನೆ ಕೂತಿರುವುದು ನಿಮ್ಮಪ್ಪ ಹೋದ ಮೇಲೆ ನನಗೆ ಚೆನ್ನಾಗಿ ಅಭ್ಯಾಸವಾಗಿದೆ, ಹಾಗಾಗಿ ಒಪ್ಪಿದೆ.

ಗಾರ್ತ್ ಅನ್ನುವ ಆ ನಟ ನಿಮ್ಮಪ್ಪನ ಕುರ್ಚಿಯಲ್ಲಿ ಕೂತ. ಒಳ್ಳೆಯವನೇ. ನಮ್ಮವರ ಸಿನಿಮಾಗಳಲ್ಲೆಲ್ಲ ಬಿಷಪ್ ಆಗಿ ಆಗಿ, ಪೆಟ್ರೋಲ್ ಬಂಕಿನಲ್ಲೂ ಜನ ಅವನನ್ನು ಪಕ್ಕಕ್ಕೆ ಕರೆದು ಮನೆಯ ಕಷ್ಟ ಹೇಳಿಕೊಳ್ಳುತ್ತಾರಂತೆ. ನೀನು ಅವನಿಗೆ ಬರೆದುಕೊಟ್ಟ ಊಟದ ಪ್ರಾರ್ಥನೆ ಮಾತ್ರ ಪೂರ್ತಿ ನಿಮ್ಮಪ್ಪನದು. "ಈ ಆಹಾರ ನಮ್ಮ ದೇಹಕ್ಕೆ ಪುಷ್ಟಿ ಕೊಡಲಿ, ಶಕ್ತಿ ಕೊಡಲಿ, ಇಂದು ಬರಲಾಗದವರು ಮುಂದಿನ ಸಲ ಬರುವಂತಾಗಲಿ." ಡೋನಟ್ಟಿನ ಪೊಟ್ಟಣ ಬಿಚ್ಚಿದರೂ ನಿಮ್ಮಪ್ಪ ಡೆಲ್ಮಾರ್ ಅದೇ ಪ್ರಾರ್ಥನೆ ಹೇಳುತ್ತಿದ್ದ. "ಡೋನಟ್ಟಲ್ಲಿ ಯಾವ ಪುಷ್ಟಿ ಅಪ್ಪಾ?" ಎಂದು ನೀನು ರೇಗಿಸುತ್ತಿದ್ದೆ. ಅದನ್ನು ನೀನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೀಯೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನೀನು "ಆ್ಯಕ್ಷನ್" ಅಂದೆ. ಗಾರ್ತ್ ತಲೆಬಾಗಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದ. ಅಷ್ಟೇ ಸಾಕಾಯಿತು. ಟೇಬಲ್ಲಿನ ಸುತ್ತ ಕೂತವರದ್ದಿರಲಿ, ಅವರು ಕಣ್ಣು ಮುಚ್ಚಲೇಬೇಕು. ದೀಪ ಹಿಡಿದವರು ಕೈಕಟ್ಟಿ ಕಣ್ಣು ಮುಚ್ಚಿದರು. ಮುಖಕ್ಕೆ ಪೌಡರ್ ಹಚ್ಚುವ ಹೆಂಗಸು ಬ್ರಶ್ಶನ್ನು ಕಂಕುಳಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಮೈಕಿನ ಕೋಲು ಹಿಡಿದವನಿಗೆ ಕೈಕಟ್ಟಲು ಆಗಲಿಲ್ಲ, ತಲೆಯನ್ನಾದರೂ ಬಗ್ಗಿಸೋಣವೆಂದು ಬಗ್ಗಿಸಿದ. ಮೈಕು ಮೆಲ್ಲಗೆ ಇಳಿದು ಎರ್ಮಾಳ ಹಸಿರು ಜೆಲ್ಲಿಗೆ ತಾಗಿತು. ನಾಲ್ಕು ಮಕ್ಕಳ ತಂದೆ, ಊರಿನ ಮದುವೆಗಳನ್ನೆಲ್ಲ ವೀಡಿಯೋ ಮಾಡಿದ ಲಮಾರ್ ಕೂಡ ಕ್ಯಾಮೆರಾದ ಹಿಂದೆ ಕಣ್ಣು ಮುಚ್ಚಿ ನಿಂತುಬಿಟ್ಟ. ಅವನ ಕೈ ಸಡಿಲವಾಯಿತು, ಕ್ಯಾಮೆರಾ ಗಾರ್ತನನ್ನು ಬಿಟ್ಟು ತನ್ನಷ್ಟಕ್ಕೆ ನನ್ನ ಕಡೆ ವಾಲಿಕೊಂಡಿತು. ಕೊನೆಗೆ ಇಡೀ ಅಡುಗೆಮನೆ ಒಂದೇ ದನಿಯಲ್ಲಿ "ಆಮೆನ್" ಅಂದಿತು.

ನೀನು ಕೂಗಾಡಿದ್ದು ಕಿವಿಯಲ್ಲೇ ಇದೆ. "ಇದು ಸಿನಿಮಾ ಕಣ್ರೋ! ನಿಜವಾದ ಪ್ರಾರ್ಥನೆ ಅಲ್ಲ! ಕ್ಯಾಮೆರಾ ಹಿಡಿದೋರಾದ್ರೂ ಕಣ್ಣು ಬಿಟ್ಕೊಂಡಿರಬಾರ್ದಾ?" ಲಮಾರ್ ಕೆಂಪಗಾಗಿ, "ತಪ್ಪಾಯ್ತು ಸಿಸ್ಟರ್. ನಮ್ಮಮ್ಮ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು. ನಾನು ಬೇಡ ಅಂದ್ರೂ ಕಣ್ಣು ಕೇಳಲ್ಲ" ಅಂದ. ಗಾರ್ತ್ "ಪ್ರಾರ್ಥನೆ ಫಲಿಸ್ತು, ಟೇಕು ಹಾಳಾಯ್ತು" ಅಂದ ಮೇಲೆ ನೀನೂ ನಕ್ಕೆ. ಇನ್ನೊಂದು ಸಲ ತೆಗೆದೆ. ಆ ಸಲ ಲಮಾರ್ ಎರಡು ಕಣ್ಣನ್ನೂ ಮೀನಿನ ಹಾಗೆ ತೆರೆದುಕೊಂಡಿದ್ದ. ನಾನೂ ಒಳ್ಳೆಯ ಹೆಂಗಸಿನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಹಾಳಾದ ಆ ಮೊದಲ ಟೇಕನ್ನು ನೀನು ಈಗ ರೀಲು ತೊಳೆಸಿದ ಮೇಲೆ ನೋಡಿದ್ದೀಯ. ಅದರಲ್ಲಿ ನಾನು ಕಣ್ಣು ಬಿಟ್ಟುಕೊಂಡಿದ್ದೇನೆ. ಚೀಟಿಯಲ್ಲಿ ಹೀಗೆ ಬರೆದಿದ್ದೀಯ: "ಅಮ್ಮ, ಈ ಇಡೀ ಸಿನಿಮಾದಲ್ಲಿ ನಿಜ ಅಂತ ಇರೋದು ನಿನ್ನ ಈ ಮುಖ ಒಂದೇ. ಪ್ರಾರ್ಥನೆ ನಡೀವಾಗ ಒಳಗೆ ನಂಬಿಕೆ ಅಂತ ಏನೂ ಇಲ್ದೆ ಕೂತಿರೋಳು ನಾನೊಬ್ಳೇ ಅಂದ್ಕೊಂಡಿದ್ದೆ. ನೀನೂನಾ? ಯಾಕಮ್ಮ ಹೇಳ್ಲಿಲ್ಲ? ನೀನು ಒಪ್ಪಿದ್ರೆ ಮಾತ್ರ ಇದನ್ನ ಸಿನಿಮಾದಲ್ಲಿ ಇಟ್ಕೋತೀನಿ. ಥ್ಯಾಂಕ್ಸ್‌ಗಿವಿಂಗ್‌ಗೆ ಬರ್ತೀನಿ. ಇಬ್ರೇ ಕೂತು ಮಾತಾಡೋಣ."

ಆ ಕೊನೆಯ ಎರಡು ಸಾಲು ನನಗೆ ಬಾಯಿಪಾಠವಾಗಿವೆ. ನಿಮ್ಮಪ್ಪನನ್ನು ಮಣ್ಣು ಮಾಡಿದ ಮೇಲೆ ನೀನು ಹಬ್ಬಕ್ಕೆಂದು ಈ ಮನೆಗೆ ಬಂದಿಲ್ಲ. ಜೀವಮಾನವೆಲ್ಲ ಟರ್ಕಿ ಕೋಳಿ ಸಾಕಿದವನ ಮನೆಯಲ್ಲಿ ಎಲ್ಲರೂ ಟರ್ಕಿ ತಿನ್ನುವ ಆ ಹಬ್ಬದ ದಿನ ನಾನು ಸೂಪು ಕುಡಿದು ಮಲಗಿದ್ದೇನೆ. ಇಬ್ಬರೇ ಕೂತು ಮಾತಾಡೋಣ ಎಂದು ನೀನು ಎಂದಾದರೂ ಅಂದದ್ದುಂಟೇ? ನನ್ನನ್ನು ಕಂಡರೆ ನೀನು ಬಿಷಪ್ಪರೆದುರು ನಿಂತವಳ ಹಾಗೆ ನೆಟ್ಟಗಾಗುತ್ತೀಯ.

ನಿನ್ನ ವಿಷಯ ನನಗೆ ಗೊತ್ತಿತ್ತು ಮಾರೆನ್. ಧರ್ಮಕ್ಕೆ ನಿಷಿದ್ಧವೆಂದು ಕಾಫಿ ಮುಟ್ಟದ ಮನೆಯ ಹುಡುಗಿ ನೀನು. ನಿನ್ನ ಕಾರಿನ ಸೀಟಿನ ಕೆಳಗೆ ಕಾಫಿ ಲೋಟ ಉರುಳಿಕೊಂಡಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಭಾನುವಾರ ಸಭೆಗೆ ಹೋಗಿದ್ದೆಯಾ ಎಂದು ನಾನು ಕೇಳುವುದನ್ನು ನಿಲ್ಲಿಸಿದ್ದೂ ಅದಕ್ಕೇ. ಕೇಳಿದರೆ ನೀನು ಸುಳ್ಳು ಹೇಳಬೇಕಾಗುತ್ತಿತ್ತು, ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ನಮ್ಮವರ ಕಥೆಯನ್ನೇ, ನಮ್ಮವರಿಗಾಗಿಯೇ ಸಿನಿಮಾ ಮಾಡುತ್ತಿದ್ದೀಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆ ದಾರವೂ ಕಡಿದರೆ ನೀನು ಕ್ಯಾಲಿಫೋರ್ನಿಯಾ ಸೇರುತ್ತೀಯ, ಆಮೇಲೆ ನನಗೆ ಕ್ರಿಸ್‌ಮಸ್ ಕಾರ್ಡೇ ಗತಿ.

ಒಲೆಯಲ್ಲಿಟ್ಟ ಆಲೂಗಡ್ಡೆ ಸೀದೀತೆಂದು ಕಣ್ಣು ಬಿಟ್ಟಿದ್ದೆ ಎಂದು ಮೊದಲು ಬರೆದಿದ್ದೆ. ಆ ಹಾಳೆಯನ್ನು ಹರಿದು ಹಾಕಿದ್ದೇನೆ. ನಿಜ ಹೀಗಿದೆ. ನಿಮ್ಮಪ್ಪ ಇದ್ದಾಗ ಊಟಕ್ಕೆ ಮುಂಚೆ ಅವನು ಪ್ರಾರ್ಥನೆ ಹೇಳುತ್ತಿದ್ದ, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅವನು ಹೋದ ಮೇಲೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿರುವಷ್ಟು ಹೊತ್ತು ಎಲ್ಲ ಮೊದಲಿನ ಹಾಗೇ ಇರುತ್ತಿತ್ತು, ಎದುರಿಗೆ ಅವನು ಕೂತಿರಬಹುದು ಅನ್ನಿಸುತ್ತಿತ್ತು. ಆಮೆನ್ ಎಂದು ಕಣ್ಣು ಬಿಟ್ಟರೆ ಖಾಲಿ ಕುರ್ಚಿ. ತಿಂಡಿಗೊಮ್ಮೆ, ಊಟಕ್ಕೊಮ್ಮೆ, ರಾತ್ರಿ ಊಟಕ್ಕೊಮ್ಮೆ ಅವನು ಹೊಸದಾಗಿ ಸಾಯುತ್ತಿದ್ದ. ತಡೆಯಲಾರದೆ ಕಣ್ಣು ಮುಚ್ಚುವುದನ್ನೇ ಬಿಟ್ಟೆ. ಈಗ ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಆ ಕುರ್ಚಿಯನ್ನು ನೋಡುತ್ತಲೇ ಪ್ರಾರ್ಥಿಸುತ್ತೇನೆ. ಸಭೆಯಲ್ಲೂ ಅದೇ ಚಾಳಿ ಅಂಟಿಕೊಂಡಿದೆ. ಎಲ್ಲರೂ ತಲೆಬಾಗಿರುವಾಗ ನಾನು ಅವರ ಕತ್ತು, ಬೋಳುತಲೆ, ಅಮ್ಮಂದಿರ ತೋಳಿಗೊರಗಿದ ಕೂಸುಗಳನ್ನು ನೋಡುತ್ತಾ ಕೂತಿರುತ್ತೇನೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಕೂರಲು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಯಾರ ಕಣ್ಣಿಗೂ ನಾನು ಬಿದ್ದಿಲ್ಲ, ಏಕೆಂದರೆ ನನ್ನನ್ನು ಹಿಡಿಯಬೇಕಾದವರೂ ಕಣ್ಣು ಬಿಡಬೇಕಲ್ಲ.

ಆ ಮುಖವನ್ನು ಊರಿನ ಥಿಯೇಟರಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಹಾಕುತ್ತೇನೆ ಅನ್ನುತ್ತಿದ್ದೀಯ. ಯೋಚಿಸು. ಹೋದ ತಿಂಗಳು, ಚರ್ಚಿನಲ್ಲಿ ತಂತಮ್ಮ ನಂಬಿಕೆಗೆ ಸಾಕ್ಷಿ ಹೇಳುವ ಸಭೆಯಲ್ಲಿ ಎರ್ಮಾ ಎದ್ದು ನಿಂತು, "ಡೆಲ್ಮಾರ್ ಹೋದಾಗ ನಮ್ಮ ನೆಡ್ರಾ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ. ಬಂಡೆ ಕಣ್ರೀ, ಬಂಡೆ!" ಎಂದು ಹೊಗಳಿದಳು. ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು. ನಾನೂ ಬಂಡೆಯ ಹಾಗೆ ನಕ್ಕೆ. ಬಂಡೆಗೆ ಯಾರೂ ಊಟ ತಂದುಕೊಡುವುದಿಲ್ಲ, ಸೋಮವಾರ ಸಂಜೆ ನಮ್ಮ ಮನೆಗೆ ಬಾ ಎಂದು ಕರೆಯುವುದಿಲ್ಲ. ಬಂಡೆಗೂ ಅವೆಲ್ಲ ಬೇಕಾಗುತ್ತವೆ ಎಂದು ಅವರಿಗೆ ಹೊಳೆಯುವುದಿಲ್ಲ. ನನಗೂ ಹಾಗೇ ಅನುಕೂಲವಾಗಿತ್ತು. ಸಿನಿಮಾ ನೋಡಿದ ಮಾರನೆಯ ದಿನ ಅವರೆಲ್ಲ ಚೀಸು ಹಾಕಿದ ಆಲೂಗಡ್ಡೆಯ ಪಾತ್ರೆ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಾಗಿಲಿಗೆ ಬರುತ್ತಾರಲ್ಲ, ಆಗ ಎಲ್ಲಿ ಮುಖ ಮುಚ್ಚಿಕೊಳ್ಳಲಿ?

ಶುಕ್ರವಾರದಿಂದ ಇದೇ ಚಿಂತೆ. ಇವತ್ತು ಕ್ಯಾಸೆಟ್ಟನ್ನು ಮತ್ತೆ ನೋಡಿದ ಮೇಲೆ ನಿರ್ಧಾರ ಮಾಡಿದೆ. ಇಟ್ಟುಕೋ ಮಗಳೇ. ನಿನಗೆ ಅದು ಬೇಕು. ನನ್ನಿಂದ ನೀನು ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತು! ಪಾತ್ರೆ ತಂದವರಿಗೆ ಬಾಗಿಲು ತೆಗೆಯುವುದನ್ನು ಕಲಿಯುತ್ತೇನೆ, ನನಗೇನು ಮಹಾ ವಯಸ್ಸಾಗಿಲ್ಲ.

ಹಬ್ಬಕ್ಕೆ ಬಾ. ಕೋಳಿ ದೊಡ್ಡದನ್ನೇ ತರಿಸುತ್ತೇನೆ. ದಾರಿಯಲ್ಲಿ ಹಿಮ ಬಿದ್ದಿದ್ದರೆ ನಿಧಾನವಾಗಿ ಕಾರು ಓಡಿಸು. ಸೀಟಿನ ಕೆಳಗಿನ ಆ ಲೋಟವನ್ನು ಒಳಗೇ ತಂದು ತೊಳಿ, ನಾನೇನೂ ಅನ್ನುವುದಿಲ್ಲ.

ನಿನ್ನದೇ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. "ನೀನೂನಾ?" ಎಂದು ನೀನು ಕೇಳಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿಲ್ಲ. ಬೇಕೆಂದೇ ಕೊಡಲಿಲ್ಲ. ನಾನೂ ನಿನ್ನ ಹಾಗೆಯೇ ಎಂದು ನೀನು ಅಂದುಕೊಂಡರೆ ಹಬ್ಬಕ್ಕೆ ಬರುತ್ತೀಯ ಎಂಬ ಆಸೆ. ಕುರ್ಚಿಯ ವಿಷಯ ನಿಜ. ಆದರೆ ಅವತ್ತು ಆ ಕುರ್ಚಿ ಖಾಲಿ ಇರಲಿಲ್ಲ, ಗಾರ್ತ್ ಕೂತಿದ್ದ. ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿ ನೋಡು, ನನ್ನ ಕಣ್ಣು ಕುರ್ಚಿಯ ಕಡೆ ಇಲ್ಲ. ಕ್ಯಾಮೆರಾದ ಪಕ್ಕಕ್ಕಿದೆ. ಅಲ್ಲಿ ನೀನು ನಿಂತಿದ್ದೆ. ಕಾಗದಗಳನ್ನು ಎದೆಗೆ ಒತ್ತಿಕೊಂಡು, ಅದರ ಮೇಲೆ ಕೈಕಟ್ಟಿ, ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಮುಚ್ಚುತ್ತಿದ್ದ ಹಾಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಅಭ್ಯಾಸ ಅನ್ನುತ್ತೀಯ, ಗೊತ್ತು. ಅಭ್ಯಾಸವಾಗಿದ್ದರೆ ಎಲ್ಲರ ಜೊತೆಗೇ ಮುಗಿಯಬೇಕಿತ್ತು. ಎಲ್ಲರೂ ಆಮೆನ್ ಎಂದು ತಲೆಯೆತ್ತಿದ ಮೇಲೂ ನಿನ್ನ ತುಟಿ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಏನು ಕೇಳಿಕೊಂಡೆಯೋ, ಯಾರನ್ನು ಕೇಳಿಕೊಂಡೆಯೋ, ನಾನು ಕೇಳುವುದಿಲ್ಲ. ಆ ಕೋಣೆಯಲ್ಲಿ ಎಲ್ಲರಿಗೂ, ನಿನಗೂ, ಮಾತಾಡಲು ಯಾರೋ ಒಬ್ಬರಿದ್ದರು, ನನಗೊಬ್ಬಳಿಗೇ ಇರಲಿಲ್ಲ. ನನ್ನ ಮುಖದಲ್ಲಿ ನೀನು ನೋಡಿದ್ದು ಅದನ್ನೇ. ಕ್ಯಾಮೆರಾ ನನ್ನ ಕಡೆ ತಿರುಗಿತ್ತು, ನಿನ್ನ ಕಡೆಯಲ್ಲ. ನಿನ್ನದನ್ನು ಕಂಡವಳು ನಾನೊಬ್ಬಳೇ, ಯಾರಿಗೂ ಹೇಳುವುದಿಲ್ಲ. ಇದನ್ನು ಓದಿದ ಮೇಲೂ ಹಬ್ಬಕ್ಕೆ ಬರುತ್ತೀಯಾ?