ಕಾರು ನಿಲ್ಲಿಸಲು ಹೋದವನಿಗೆ

ಐರೀನ್ ಮನೆ, ಹೊಲಿಗೆ ಕೋಣೆ
ಸ್ಯಾಂಡಸ್ಕಿ, ಒಹಾಯೊ
ಸೆಪ್ಟೆಂಬರ್ 17, ಬುಧವಾರ

ಪ್ರೀತಿಯ ಚೆಸ್ಟರ್,

‘ಪ್ರೀತಿಯ’ ಎಂಬುದನ್ನು ರೂಢಿಗೆ ಬರೆದಿದ್ದೇನೆ. ಅದನ್ನೇ ಹಿಡಿದುಕೊಂಡು ಕುಣಿಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಹೆರನ್ಸ್ ಬೇಸ್‌ಬಾಲ್ ತಂಡ ಗೆಲ್ಲುತ್ತಿರುವಷ್ಟು ದಿನ ಹೆಂಡತಿಯ ದನಿ ಕಿವಿಗೆ ಬೀಳಕೂಡದು ಎಂದು ಕಾನೂನು ಮಾಡಿಕೊಂಡಿದ್ದೀಯಂತೆ. ಕಾಗದದ ಬಗ್ಗೆ ಕಾನೂನು ಮಾಡಲು ಮರೆತಿದ್ದೀಯ. ಕಾಗದಕ್ಕೆ ದನಿ ಇಲ್ಲ, ಧೈರ್ಯವಾಗಿ ಓದು.

ಸುದ್ದಿ ಕೊಟ್ಟವಳು ಲೊರೆಟಾ. ಹೈವೇ ಪಕ್ಕದ ನಮ್ಮ ಕಾಪರ್ ಲ್ಯಾಡಲ್ ಹೋಟೆಲಿನಲ್ಲಿ ಇಷ್ಟು ವರ್ಷ ನಮ್ಮಿಬ್ಬರ ಕಪ್ಪು ತುಂಬಿಸಿದ ಪುಣ್ಯಾತ್ಗಿತ್ತಿಗೆ ಅಷ್ಟು ಹಕ್ಕಿದೆ. ಎಲ್ಲಿ ಸಿಕ್ಕಿದಳು ಎಂದು ಕೇಳಬೇಡ, ಊರು ಚಿಕ್ಕದು.

“ವರ್ನಾ, ನಿನ್ನ ಗಂಡನಿಗೆ ತಲೆ ಕೆಟ್ಟಿದೆ ಕಣೇ,” ಅಂದಳು. “ನೀನು ಮನೆ ಬಿಟ್ಟ ಮಾರನೇ ದಿನದಿಂದಲೇ ಟೀಮ್ ಗೆಲ್ಲೋಕೆ ಶುರು ಮಾಡ್ತಂತೆ. ‘ಅವಳು ವಾಪಸ್ ಬಂದ್ರೆ ಎಲ್ಲಾ ಕೆಡುತ್ತೆ, ಸೀಸನ್ ಮುಗೀಲಿ, ಆಮೇಲೆ ಕರ್ಕೊಂಡು ಬರ್ತೀನಿ’ ಅಂತಾನೆ. ನಿನ್ನ ಸೀಟಲ್ಲಿ ಟೋಪಿ ಇಟ್ಕೊಂಡು ಕೂತಿರ್ತಾನೆ. ಮೊನ್ನೆ ಗಸ್ ಅಲ್ಲಿ ಕೂರೋಕೆ ಹೋದ ನೋಡು, ನಾಯಿ ಥರ ಗುರ್ ಅಂದ!”

ನೀನು ಗುರ್ ಅಂದದ್ದು ಕೇಳಿ ನನಗೆ ಸ್ವಲ್ಪ ಸಂತೋಷವಾಯಿತು. ಸ್ವಲ್ಪ. ನಿನ್ನ ಪ್ರಾಣಸ್ನೇಹಿತನಿಗೇ ಅಂದೆಯಲ್ಲ, ಅದಕ್ಕೆ. ಆದರೆ ಕಟ್ಟಿಕೊಂಡ ಹೆಂಡತಿಯನ್ನು ತಂಡದ ಅಪಶಕುನ ಎಂದು ಊರೆಲ್ಲ ಸಾರಿದವನನ್ನು ಒಂದು ಗುರ್ ಉಳಿಸಲಾರದು.

ಜೂನ್ ತಿಂಗಳ ಆ ಸಂಜೆಯನ್ನು ನೀನು ಊರಿನವರಿಗೆ ಹೇಗೆ ವರ್ಣಿಸಿದ್ದೀಯೋ ನಾನರಿಯೆ. ನಡೆದದ್ದು ಇಷ್ಟು. ಒಂಬತ್ತರಲ್ಲಿ ಎಂಟನೇ ಇನ್ನಿಂಗ್ಸ್. ನಮ್ಮ ಪಿಚರ್ ಎಸೆದ ಚೆಂಡುಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ ಸಿಕ್ಕಿರಲಿಲ್ಲ. ಅಂಥ ಹೊತ್ತಿನಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಕೂಡದು, ಹೇಳಿದರೆ ದೃಷ್ಟಿ ತಾಗಿ ಕೆಡುತ್ತದೆ ಎಂಬುದು ನಿನ್ನ ಧರ್ಮ. ಇಡೀ ಹೋಟೆಲು ಪ್ರಾರ್ಥನೆಗೆ ಕೂತಂತೆ ಕೂತಿತ್ತು. ಗಸ್ ಸೀನನ್ನು ಕೂಡ ಒಳಕ್ಕೆ ಎಳೆದುಕೊಂಡ. ನಾನು ಚಿಕನ್ ಪಾಟ್ ಪೈ ತಿನ್ನುತ್ತಾ ಟಿವಿ ನೋಡಿ, “ಅಯ್ಯೋ ಪಾಪ, ಆ ಹುಡುಗರಿಗೆ ಇನ್ನೂ ಒಂದೂ ಹಿಟ್ ಸಿಕ್ಕಿಲ್ಲ ಅಲ್ವಾ?” ಅಂದೆ. ಮನುಷ್ಯರ ಮೇಲೆ ಕರುಣೆ ತೋರಿಸಿದೆ, ಅಷ್ಟೇ. ಮುಂದಿನ ಚೆಂಡಿಗೇ ಹಿಟ್ ಸಿಕ್ಕಿತು. ಅದೇ ಹುಮ್ಮಸ್ಸಿನಲ್ಲಿ ಪಂದ್ಯವನ್ನೂ ಹೊಡೆದುಕೊಂಡು ಹೋದರು. ಪಾಟ್ ಪೈ ತಿನ್ನುವ ಹೆಂಗಸಿಗೆ ಇಷ್ಟು ಶಕ್ತಿ ಇದೆಯೆಂದು ತಿಳಿದಿದ್ದರೆ ಜೀವನದಲ್ಲಿ ಇನ್ನೇನಾದರೂ ದೊಡ್ಡದನ್ನೇ ಸಾಧಿಸುತ್ತಿದ್ದೆ.

ನೀನು ಕೂಗಾಡಿದ್ದಕ್ಕೆ ನಾನು ಮನೆ ಬಿಟ್ಟೆ ಎಂದು ತಿಳಿದಿದ್ದೀಯ. ತಪ್ಪು. ನೀನು ಕೂಗಾಡಲಿಲ್ಲ. ಎದ್ದೆ, ನಿನ್ನ ಕಾಫಿ ಕಪ್ಪು ಕೈಯಲ್ಲಿ ಹಿಡಿದೆ, ಹೋಗಿ ಗಸ್‌ನ ಮೇಜಿನಲ್ಲಿ ಕೂತೆ. ಮೂವತ್ತು ವರ್ಷದ ಸಂಸಾರದಲ್ಲಿ ನೀನು ನನ್ನ ಕಾಫಿಯನ್ನು ಹೀಯಾಳಿಸಿದ್ದೀಯ. ಹೇಝಲ್‌ನಟ್ ಕ್ರೀಮ್ ಹಾಕಿದ ಕಾಫಿಯನ್ನು ಕಂಡಾಗಲೆಲ್ಲ “ಇದು ಕಾಫಿಯಲ್ಲ, ಹುಟ್ಟುಹಬ್ಬದ ಕೇಕು” ಅಂದಿದ್ದೀಯ. ನಿನ್ನ ಕರಿ ಕಾಫಿಯನ್ನು ನಾನು ರಸ್ತೆಗೆ ಹಾಕುವ ಡಾಂಬರು ಅಂದಿದ್ದೇನೆ. ಅದೆಲ್ಲ ಸಂಸಾರ. ಆದರೆ ಕಪ್ಪು ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋಗುವುದು ಸಂಸಾರವಲ್ಲ. ಎದುರಿನ ಸೀಟು ಖಾಲಿಯಾದದ್ದನ್ನು ಇಡೀ ಹೋಟೆಲು ನೋಡಿತು. ಪೈ ಆರಿಹೋಯಿತು.

ಇಲ್ಲಿ ನಾನು ಪರಮ ಸುಖದಲ್ಲಿದ್ದೇನೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಮಡಚುವ ಮಂಚ; ಮಗ್ಗುಲು ಬದಲಿಸಿದರೆ ಮೊಣಕಾಲು ಪೆಡಲಿಗೆ ತಾಗಿ ಯಂತ್ರ ತಾನಾಗಿ ನಾಲ್ಕು ಹೊಲಿಗೆ ಹಾಕುತ್ತದೆ. ನನ್ನಕ್ಕ ಐರೀನ್ ಕುಡಿಯುವುದು ಕೆಫೀನ್ ತೆಗೆದ ಕಾಫಿ, ಅದಕ್ಕೆ ಹಾಲಲ್ಲದ ಹಾಲು, ಸಕ್ಕರೆಯಲ್ಲದ ಸಕ್ಕರೆ. ಅದರಲ್ಲಿ ನಿಜವಾದ ಪದಾರ್ಥವೆಂದರೆ ಬಿಸಿನೀರು. ಕುಡಿದು, “ಆಹಾ, ಎಚ್ಚರ ಆಯ್ತು!” ಅನ್ನುತ್ತಾಳೆ. ಅವಳ ನಂಬಿಕೆಯ ಮುಂದೆ ನಿನ್ನದೇನೂ ಅಲ್ಲ.

ಸಂಜೆಗಳು ಚರ್ಚಿನ ಹಾಡುಗಾರರ ಜೊತೆ ಕಳೆಯುತ್ತವೆ. ಆಟದಲ್ಲಿ ಏನಾಗುತ್ತಿದೆ ಎಂಬುದು ನನಗೆ ಗೊತ್ತೂ ಇಲ್ಲ, ಬೇಕೂ ಇಲ್ಲ. ಕಳೆದ ಶುಕ್ರವಾರ ಆ ಎಡಗೈ ಪಿಚರನನ್ನು ಏಳನೇ ಇನ್ನಿಂಗ್ಸಿನಲ್ಲಿ ವಾಪಸ್ ಕರೆದದ್ದು ಶುದ್ಧ ಮೂರ್ಖತನ ಎಂದು ಮಾತ್ರ ಚರ್ಚಿನಲ್ಲಿ ಯಾರೋ ಅಂದರು.

ಶನಿವಾರ ಕೊನೆಯ ಪಂದ್ಯವಂತೆ. ಗೆದ್ದರೆ ಪ್ಲೇಆಫ್. ನಾನು ಬಂದು ತಂಡ ಸೋತರೆ ಎಂಬುದು ನಿನ್ನ ಭಯ. ನನ್ನ ಭಯ ಬೇರೆ. ನಾನು ಬರದೆ ತಂಡ ಗೆದ್ದರೆ? ಆಮೇಲೆ ಪ್ಲೇಆಫ್‌ನಲ್ಲೂ ಗೆದ್ದರೆ? ಮುಂದಿನ ವರ್ಷವೂ ಗೆದ್ದರೆ? ನಿನಗೆ ಟ್ರೋಫಿಯ ಮೇಲೆ ಟ್ರೋಫಿ, ನನಗೆ ಸಾಯುವ ತನಕ ಹೊಲಿಗೆ ಯಂತ್ರ. ಅಷ್ಟು ದಿನ ಕಾಯುವವಳು ನಾನಲ್ಲ. ಶನಿವಾರದೊಳಗೆ ಇತ್ಯರ್ಥವಾಗದಿದ್ದರೆ ಭಾನುವಾರ ನಿನ್ನ ಮನೆಯಿಂದ ನನ್ನ ಚಳಿಗಾಲದ ಕೋಟು ತರಿಸಿಕೊಳ್ಳುತ್ತೇನೆ. ಕೋಟು ಹೊರಟಿತೆಂದರೆ ಅದರ ಅರ್ಥ ನಿನಗೂ ತಿಳಿಯುತ್ತದೆ.

ನನ್ನ ಷರತ್ತು ಒಂದೇ. ನಾನು ಹೋದ ಮೇಲೆ ನೀನು ನಮ್ಮ ಮೇಜಿಗೆ ಮರಳಿದ್ದೀಯಂತೆ. ಹೆಂಡತಿ ಇಲ್ಲದ ಮೇಜಿಗೆ ಯಾರು ಬೇಕಾದರೂ ಮರಳುತ್ತಾರೆ. ಹೆಂಡತಿ ಕೂತಿರುವ ಮೇಜಿಗೆ, ಎಲ್ಲರೂ ನೋಡುತ್ತಿರುವಾಗ, ನೀನಾಗಿಯೇ ನಡೆದು ಬಂದು ಕೂರಬೇಕು.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿ,
ವರ್ನಾ

ಮರೆತಿದ್ದೆ: ನನಗೆ ಹಾಡಲು ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಚರ್ಚಿನವರಿಗೂ ಗೊತ್ತಿದೆ. ಜೂನ್‌ನಿಂದ ಪಂದ್ಯವಿದ್ದ ಸಂಜೆಗಳಲ್ಲೆಲ್ಲ ನಾನು ಮಾಲ್ ಪಕ್ಕದಲ್ಲಿರುವ ಕಾಪರ್ ಲ್ಯಾಡಲ್‌ನ ಇನ್ನೊಂದು ಶಾಖೆಯಲ್ಲಿ ಕೂತಿದ್ದೆ. ಅದೇ ಮೂಲೆಯ ಮೇಜು, ಗೋಡೆಗೆ ಅದೇ ತುಕ್ಕುಹಿಡಿದ ನೇಗಿಲು, ಅದೇ ಪ್ಲಾಸ್ಟಿಕ್ ಸೂರ್ಯಕಾಂತಿ, ಅದೇ ಪಾಟ್ ಪೈ. ನಾನು ಕಿಟಕಿಯ ಕಡೆ. ಎದುರಿಗೆ ನಿನ್ನ ಸೀಟು, ಅದರ ಮುಂದೆ ಒಂದು ಕರಿ ಕಾಫಿ. ರಜೆ ಹಾಕಿದವರ ಬದಲಿಗೆ ಕೆಲಸಕ್ಕೆ ಬಂದ ಲೊರೆಟಾ ನನ್ನನ್ನು ಹಿಡಿದದ್ದು ಅಲ್ಲೇ. ಇಷ್ಟು ದಿನಗಳಲ್ಲಿ ಒಂದೇ ಒಂದು ಸಂಜೆ ಹೋಗಲಾಗಲಿಲ್ಲ, ಆಗಸ್ಟ್‌ನಲ್ಲಿ, ಹಲ್ಲು ಕೀಳಿಸಿಕೊಂಡ ದಿನ. ಹೆರನ್ಸ್ ಸೋತದ್ದೂ ಆ ಒಂದೇ ಸಂಜೆ. ನಿನ್ನ ಬೇಸ್‌ಬಾಲ್ ದೇವರಿಗೆ ಒಂದು ಕಾಪರ್ ಲ್ಯಾಡಲ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಎಲ್ಲಿಂದ ತಿಳಿಯಬೇಕು? ಒಳಗೆ ಕೂತ ನನಗೇ ತಿಳಿಯುವುದಿಲ್ಲ. ಅವನು ಮೇಲಿಂದ ನೋಡಿ, ಇಬ್ಬರೂ ಜೊತೆಗೇ ಕೂತಿದ್ದಾರೆ ಎಂದುಕೊಂಡೇ ಗೆಲ್ಲಿಸುತ್ತಿದ್ದಾನೆ. ಅಪಶಕುನ ಯಾರು ಎಂಬುದನ್ನು ಗಸ್ ಜೊತೆ ಕೂತು ಚರ್ಚಿಸು.

ಆದ್ದರಿಂದ ಶನಿವಾರ ಆರು ಗಂಟೆಗೆ ಮಾಲ್ ಪಕ್ಕದ ಹೋಟೆಲಿಗೆ ಬಾ. ಅಲ್ಲಿ ಬಡಿಸುವಾಕೆ ಮೊದಲ ದಿನ, “ಎದುರಿಗೆ ಯಾರಾದ್ರೂ ಬರ್ತಾರಾ ಮೇಡಂ?” ಎಂದು ಕೇಳಿದಳು. ಬಾಯಿಗೆ ಬಂದದ್ದು, “ನಮ್ಮೆಜಮಾನ್ರು ಕಾರು ನಿಲ್ಲಿಸ್ತಿದ್ದಾರೆ” ಅಂದುಬಿಟ್ಟೆ. ಅವತ್ತಿನಿಂದ ನೀನು ಕಾರು ನಿಲ್ಲಿಸುತ್ತಲೇ ಇದ್ದೀಯ. ಈಗೀಗ ಆಕೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ ಹೋಗುತ್ತಾಳೆ. ನೀನು ಸತ್ತಿದ್ದೀಯ ಎಂದು ತಿಳಿದಿದ್ದಾಳೆ ಎಂದು ಕಾಣುತ್ತದೆ.

ಕ್ಷಮೆ ಗಿಮೆ ಏನೂ ಬೇಡ. ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ಬಾ, ಎದುರಿಗೆ ಕೂರು, ಆಕೆಗೆ ಕೇಳುವ ಹಾಗೆ “ಜಾಗ ಸಿಕ್ಕಿತು” ಅನ್ನು.